ಮೋಡದ ತಳ, ಗೋಚರತೆ: ಹೊಸ ಮುನ್ಸೂಚನೆ ಕೈಕೊಟ್ಟಾಗ ಎಲ್ಲಿ ಹುಡುಕಬೇಕು

"ಸರ್, ಪರದೆ ಮೇಲೆ ಮೋಡದ ತಳ 3200 ಅಡಿ ಅಂತಿದೆ. ಹೊರಗೆ ನೋಡಿದ್ರೆ ಎದುರಿಗಿರೋ ದೀಪದ ಕಂಬ ಕಾಣ್ತಿಲ್ಲ."

ಡಿಸೆಂಬರಿನ ಒಂದು ಮುಂಜಾನೆ ಐದೂ ಮುಕ್ಕಾಲಿಗೆ ರಾತ್ರಿ ಪಾಳಿಯ ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಹೇಳಿದ್ದು ಇಷ್ಟೇ. ಹೊಸ ವ್ಯವಸ್ಥೆ ಶುರುವಾಗಿ ಆಗ ಹದಿನೈದು ದಿನವೂ ಆಗಿರಲಿಲ್ಲ. ನಮ್ಮದು ದಕ್ಷಿಣದ ಕೆಲವು ವಿಮಾನ ನಿಲ್ದಾಣಗಳಿಗೆ ಮುಂದಿನ ಆರು ಗಂಟೆಯ ಮೋಡದ ತಳವನ್ನೂ ಗೋಚರತೆಯನ್ನೂ ಲೆಕ್ಕ ಹಾಕಿ, ಹಾರಾಟ ಯೋಜಿಸುವವರ ಮುಂದಿಡುವ ಸಣ್ಣ ತಂಡ. ಹಳೆಯ ವ್ಯವಸ್ಥೆ ತೀರಾ ಸರಳ: ಕೊನೆಯ ಮೆಟಾರ್ (ವಿಮಾನ ನಿಲ್ದಾಣದ ನಿಯಮಿತ ಹವಾಮಾನ ವರದಿ), ಹಿಂದಿನ ವರ್ಷಗಳ ಅಂಕಿ ಅಂಶ, ಅವುಗಳಿಂದ ಕಲಿತು ಮುಂದಿನದನ್ನು ಲೆಕ್ಕ ಹಾಕುವ ಒಂದು ರಿಗ್ರೆಷನ್ ಸಮೀಕರಣ. ಹೊಸದರಲ್ಲಿ ಅದರ ಜತೆಗೆ ನೆಲವನ್ನು 3 ಕಿ.ಮೀ. ಚೌಕಗಳಾಗಿ ಹಂಚಿ ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ಲನ್ನು ಗಂಟೆಗೊಮ್ಮೆ ಬೆರೆಸಿದ್ದೆವು. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಮೊದಲ ಚಳಿಗಾಲದಲ್ಲಿ ಮಾತ್ರ ಹೊಸದು ಹಳೆಯದಕ್ಕಿಂತ ಕೆಟ್ಟದಾಗಿ ಓಡಿತು.

ಕಾರಣ ಹುಡುಕಲು ಎರಡು ತಿಂಗಳು ಹಿಡಿಯಿತು. ಅದರಲ್ಲಿ ಐದು ವಾರ ಮಾಡೆಲ್ಲಿನ ಭೌತಶಾಸ್ತ್ರವನ್ನು ಬೈದುಕೊಂಡೇ ಕಳೆದೆವು. ತಪ್ಪುಗಳಲ್ಲಿ ಹೆಚ್ಚಿನವು ಅಲ್ಲಿರಲಿಲ್ಲ. ವೀಕ್ಷಣೆಗೂ ಲೆಕ್ಕಕ್ಕೂ ನಡುವಿನ ಸಂದುಗಳಲ್ಲಿ ಕೂತಿದ್ದವು. ಹುಡುಕಬೇಕಾದ ದಾರಿ ರನ್‌ವೇ ಕಡೆಯಿಂದ ಒಳಕ್ಕೆ, ಮಾಡೆಲ್ ಕಡೆಯಿಂದ ಹೊರಕ್ಕಲ್ಲ. ಆ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ಹಳೆಯದನ್ನು ಮತ್ತೆ ಓಡಿಸಿ

ಹೊಸ ಆವೃತ್ತಿ ಬಂತೆಂದು ಹಳೆಯದನ್ನು ಅಳಿಸಬೇಡಿ. ಎರಡನ್ನೂ ಪಕ್ಕಪಕ್ಕದಲ್ಲಿ ಓಡಿಸಿ. ಜತೆಗೆ ಮೂರನೆಯದೊಂದು ಬೇಕು: "ಈಗ ಹೇಗಿದೆಯೋ ಮುಂದೆಯೂ ಹಾಗೇ" ಎನ್ನುವ ಯಥಾಸ್ಥಿತಿ ಮುನ್ಸೂಚನೆ. ಕೊನೆಯ ಮೆಟಾರ್‌ನಲ್ಲಿ ಗೋಚರತೆ 800 ಮೀಟರ್ ಇದ್ದರೆ ಮುಂದಿನ ಎಲ್ಲ ಗಂಟೆಗೂ 800. ಇದಕ್ಕಿಂತ ದಡ್ಡ ಮುನ್ಸೂಚನೆ ಇನ್ನೊಂದಿಲ್ಲ, ಆದರೂ ಮೊದಲ ಒಂದೆರಡು ಗಂಟೆಯಲ್ಲಿ ಇದನ್ನು ಸೋಲಿಸುವುದು ಕಷ್ಟ.

ಈಗ ತಪ್ಪನ್ನು ಗಂಟೆವಾರು ಗೆರೆ ಎಳೆದು ನೋಡಿ. ಮೊದಲ ಗಂಟೆಯಲ್ಲೇ ನಿಮ್ಮ ಹೊಸದು ಯಥಾಸ್ಥಿತಿಗೆ ಸೋಲುತ್ತಿದ್ದರೆ ಮಾಡೆಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ವೀಕ್ಷಣೆಯೇ ಒಳಗೆ ಸರಿಯಾಗಿ ಬರುತ್ತಿಲ್ಲ. ಮೂರನೆಯ ಗಂಟೆಯವರೆಗೆ ಗೆದ್ದು ಆಮೇಲೆ ಕುಸಿದರೆ ಬೆರಕೆಯಲ್ಲಿ ವೀಕ್ಷಣೆಗೂ ಮಾಡೆಲ್ಲಿಗೂ ಕೊಟ್ಟ ತೂಕ ನೋಡಿ. ಆರಂಭದಿಂದ ಕೊನೆಯವರೆಗೆ ಒಂದೇ ಅಳತೆಯಲ್ಲಿ ಕೆಟ್ಟಿದ್ದರೆ ಏಕಮಾನ, ಎತ್ತರ, ಸಮಯ ಈ ಮೂರರಲ್ಲಿ ಒಂದು ಎಡವಿದೆ. ನಮ್ಮ ಗೆರೆ ಮೂರನೆಯ ಬಗೆಯದಾಗಿತ್ತು. ಅದನ್ನು ಮೊದಲ ದಿನವೇ ಎಳೆದಿದ್ದರೆ ಐದು ವಾರ ಉಳಿಯುತ್ತಿತ್ತು.

ಮೋಡದ ತಳ ಸದಾ ಮೂರು ಸಾವಿರ ಅಡಿ ಮೇಲೆಯೇ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ, ಅಡಿಯಲ್ಲಿ ಹೇಳಿದರೆ ಸರಿಸುಮಾರು 3000. ಫೋನಿನಲ್ಲಿ ಬಂದ 3200 ಎಂಬ ಅಂಕಿ ಕೇಳಿದ ಕೂಡಲೇ ನನಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ವಿಮಾನದವರಿಗೆ ಬೇಕಾದ ಸೀಲಿಂಗ್ ಎಂದರೆ ಆಕಾಶದ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿದ ಅತಿ ಕೆಳಗಿನ ಮೋಡದ ಪದರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಮೆಟಾರ್ ಕೊಡುವುದೂ ನೆಲದಿಂದಲೇ: ಬಿಕೆಎನ್ 003 ಎಂದರೆ ಎಂಟು ಪಾಲಿನಲ್ಲಿ ಐದರಿಂದ ಏಳು ಪಾಲು ಮುಚ್ಚಿದ ಮೋಡ, 300 ಅಡಿಯಲ್ಲಿ. ಆದರೆ ಕೆಲವು ಮಾಡೆಲ್‌ಗಳ ಕಡತದಲ್ಲಿ ಮೋಡದ ತಳ ಸಮುದ್ರ ಮಟ್ಟದಿಂದ ಅಳೆದದ್ದಾಗಿರುತ್ತದೆ. ನೆಲದೆತ್ತರ ಕಳೆಯುವ ಒಂದು ಸಾಲು ಕೋಡ್ ಬಿಟ್ಟುಹೋದರೆ ಚೆನ್ನೈನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಬೆಂಗಳೂರಿನಲ್ಲಿ 200 ಅಡಿಯ ಮೋಡ 3200ಕ್ಕೆ ಏರಿ ಕೂರುತ್ತದೆ. ನಮ್ಮಲ್ಲಿ ಆಗಿದ್ದು ಇದೇ. ಸಮೀಕರಣಕ್ಕೆ ಕಲಿಸಲು ಬಳಸುವ ತರಬೇತಿ ಕಡತ ತಯಾರಿಸುವಾಗ ನಾನೇ ನೆಲದೆತ್ತರ ಕಳೆದಿದ್ದೆ. ಪ್ರತಿ ಗಂಟೆ ಓಡುವ ಕೋಡ್‌ನಲ್ಲಿ ಆ ಸಾಲು ಸೇರಿಸಲು ಮರೆತಿದ್ದೆ. ಸಮೀಕರಣ ಕಲಿತದ್ದು ಒಂದು, ದಿನವೂ ಅದಕ್ಕೆ ಉಣಿಸಿದ್ದು ಇನ್ನೊಂದು.

ಪರೀಕ್ಷೆ ಸುಲಭ. ಎತ್ತರದಲ್ಲಿರುವ ಒಂದು ನಿಲ್ದಾಣ, ಕಡಲ ಮಟ್ಟದಲ್ಲಿರುವ ಒಂದು ನಿಲ್ದಾಣ ಆರಿಸಿ, ಮೋಡ ಕವಿದ ದಿನದ ತಪ್ಪನ್ನು ಹೋಲಿಸಿ. ತಪ್ಪು ನಿಲ್ದಾಣದ ಎತ್ತರದಷ್ಟೇ ಇದ್ದರೆ ಬೇರೆ ಎಲ್ಲೂ ಹುಡುಕಬೇಡಿ.

ಇದನ್ನು ಸರಿಪಡಿಸಿದ ಮೇಲೂ ಇದರ ತಮ್ಮನೊಬ್ಬ ಉಳಿದಿರುತ್ತಾನೆ. ಮಾಡೆಲ್ಲಿಗೆ ಗೊತ್ತಿರುವ ನೆಲ ನಿಜವಾದ ನೆಲವಲ್ಲ, ಚೌಕದ ಸರಾಸರಿ ನೆಲ. ಮಂಗಳೂರು ವಿಮಾನ ನಿಲ್ದಾಣದ ರನ್‌ವೇ ಗುಡ್ಡದ ತಲೆ ಕಡಿದು ಮಾಡಿದ್ದು. ಕಡಲಿನಿಂದ ಸುಮಾರು 100 ಮೀಟರ್ ಮೇಲಿದೆ. ಸುತ್ತಲಿನ ತಗ್ಗೂ ಸೇರಿ ಸರಾಸರಿಯಾದ ಚೌಕದಲ್ಲಿ ಮಾಡೆಲ್ 500 ಅಡಿ ಎಂದು ಹೇಳುವ ಮಳೆಗಾಲದ ಮೋಡ, ರನ್‌ವೇ ಮೇಲೆ ನಿಂತವನಿಗೆ ಅದಕ್ಕಿಂತ ಬಹಳ ಕೆಳಗೇ ಇರುತ್ತದೆ. ಹಾಗಾಗಿ ಕಳೆಯಬೇಕಾದದ್ದು ಮಾಡೆಲ್ಲಿನ ನೆಲವನ್ನೋ ನಿಲ್ದಾಣದ ನೆಲವನ್ನೋ ಎಂಬ ಪ್ರಶ್ನೆ ಬರುತ್ತದೆ. ಕಡಲ ಕಡೆಯಿಂದ ಬೀಸಿ ಬರುವ ಮಟ್ಟಸವಾದ ಸ್ಟ್ರೇಟಸ್ ಮೋಡಕ್ಕೆ ನಾನು ನಿಲ್ದಾಣದ ನೆಲ ಕಳೆಯುತ್ತೇನೆ, ಏಕೆಂದರೆ ಅದರ ತಳ ಗುಡ್ಡ ಕಂಡು ಅಷ್ಟೇನೂ ಮೇಲೇಳುವುದಿಲ್ಲ. ನೆಲಕ್ಕಂಟಿ ಹುಟ್ಟುವ ಮಂಜಿಗೆ ಮಾಡೆಲ್ಲಿನ ನೆಲ. ಇದು ನನ್ನ ರೂಢಿ, ನಿಯಮವಲ್ಲ.

ಮೋಡವಿಲ್ಲ ಎಂಬುದಕ್ಕೂ ಒಂದು ಅಂಕಿ

ಮೋಡವೇ ಇಲ್ಲದಿದ್ದರೆ ಸೀಲಿಂಗ್ ಎಷ್ಟು? ಅಂಕಿ ಇಲ್ಲ. ಆದರೆ ಕಡತಕ್ಕೆ ಏನಾದರೂ ತುಂಬಲೇಬೇಕಲ್ಲ, ಅದಕ್ಕೆ 20,000 ಮೀಟರಿನಂಥ ದೊಡ್ಡ ಅಂಕಿಯೊಂದನ್ನು ಗುರುತಾಗಿ ಇಟ್ಟಿರುತ್ತಾರೆ. ನಾಲ್ಕು ಚೌಕಗಳ ನಡುವೆ ನಿಲ್ದಾಣ ಬಿದ್ದಾಗ ಸರಾಸರಿ ತೆಗೆಯುವ ಕೋಡ್‌ಗೆ ಅದು ಗುರುತು ಎಂದು ಗೊತ್ತಿರುವುದಿಲ್ಲ. ಒಂದು ಚೌಕದಲ್ಲಿ 200 ಮೀಟರ್, ಪಕ್ಕದ್ದರಲ್ಲಿ 20,000. ಸರಾಸರಿ 10,100 ಮೀಟರ್. ಅಂಥ ಮೋಡ ಯಾವ ಆಕಾಶದಲ್ಲೂ ಇಲ್ಲ. ಮುನ್ಸೂಚನೆಯಲ್ಲಿ 6ರಿಂದ 15 ಕಿ.ಮೀ. ನಡುವಿನ ವಿಚಿತ್ರ ಸೀಲಿಂಗ್‌ಗಳು ಕಾಣಿಸಿಕೊಂಡರೆ ಇದೇ ರೋಗ. ಸೀಲಿಂಗ್‌ಗೆ ಸರಾಸರಿ ತೆಗೆಯಲೇಬೇಡಿ. ಹತ್ತಿರದ ಚೌಕ ತೆಗೆದುಕೊಳ್ಳಿ, ಇಲ್ಲವೇ ಸುತ್ತಲಿನ ಎಷ್ಟು ಚೌಕಗಳಲ್ಲಿ 500 ಅಡಿಗಿಂತ ಕೆಳಗಿದೆ ಎಂದು ಎಣಿಸಿ. ಎಣಿಕೆ ನನಗೆ ಹೆಚ್ಚು ಇಷ್ಟ. ಮಂಜು ಎರಡು ಕಿಲೋಮೀಟರ್ ಪಕ್ಕಕ್ಕೆ ಸರಿದದ್ದಕ್ಕೆ ಮಾಡೆಲ್ಲನ್ನು ಶಿಕ್ಷಿಸುವುದು ತಪ್ಪುತ್ತದೆ.

ಮೆಟಾರ್ ಕಡೆಯಿಂದಲೂ ಇದೇ ತೊಡಕು. 9999 ಎಂದರೆ ಗೋಚರತೆ 10 ಕಿ.ಮೀ. ಅಥವಾ ಹೆಚ್ಚು ಎಂದರ್ಥ, 9,999 ಮೀಟರ್ ಅಲ್ಲ. 'ಕ್ಯಾವೋಕೆ' ಎಂದು ಬಂದರೆ ಗೋಚರತೆಯ ಅಂಕಿಯಾಗಲಿ ಮೋಡದ ಗುಂಪಾಗಲಿ ಇರುವುದೇ ಇಲ್ಲ, ಎಲ್ಲ ಚೆನ್ನಾಗಿದೆ ಎಂಬುದಷ್ಟೇ ಸಂದೇಶ. ಓದುವ ಕೋಡ್ ಅದನ್ನು "ಮಾಹಿತಿ ಇಲ್ಲ" ಎಂದು ಬಿಸಾಡಿದರೆ ನಿಮ್ಮ ತರಬೇತಿಯಲ್ಲಿ ಒಳ್ಳೆಯ ದಿನಗಳೇ ಕಡಿಮೆಯಾಗುತ್ತವೆ, ಮುನ್ಸೂಚನೆ ಸದಾ ಅಳುಬುರುಕವಾಗುತ್ತದೆ.

ಇದಕ್ಕೇ ಅಂಟಿದ ಇನ್ನೊಂದಿದೆ, ಇದನ್ನು ಕಂಡುಹಿಡಿಯುವುದು ಕಷ್ಟ. ಹವಾಮಾನ ಹಠಾತ್ತನೆ ಕೆಟ್ಟಾಗ ಅಥವಾ ಸುಧಾರಿಸಿದಾಗ ಎರಡು ನಿಯಮಿತ ವರದಿಗಳ ನಡುವೆ 'ಸ್ಪೆಸಿ' ಎಂಬ ವಿಶೇಷ ವರದಿ ಹೊರಡುತ್ತದೆ. ಗೋಚರತೆ 800, 1500, 3000 ಮೀಟರ್ ಇಂಥ ಗಡಿಗಳನ್ನು ದಾಟಿದಾಗ ಬರುವಂಥದ್ದು. ಅಂದರೆ ಕೆಟ್ಟ ಮುಂಜಾವುಗಳಿಂದ ಹೆಚ್ಚು ವರದಿ, ಒಳ್ಳೆಯ ಮುಂಜಾವುಗಳಿಂದ ಕಡಿಮೆ. ಎಲ್ಲವನ್ನೂ ಒಂದೇ ರಾಶಿಗೆ ಸುರಿದು ತರಬೇತಿ ಕೊಟ್ಟರೆ ಮಂಜು ಇರುವುದಕ್ಕಿಂತ ಹೆಚ್ಚೆಂದು ಸಮೀಕರಣ ನಂಬಿಬಿಡುತ್ತದೆ. ತರಬೇತಿಗೂ ಪರೀಕ್ಷೆಗೂ ನಿಯಮಿತ ವರದಿಗಳು ಮಾತ್ರ. ಓಡುವಾಗ ಆರಂಭದ ಸ್ಥಿತಿ ತಿಳಿಯಲು ಸ್ಪೆಸಿಯನ್ನು ಧಾರಾಳವಾಗಿ ಬಳಸಿ.

ಮಂಜು ಅರ್ಧ ಗಂಟೆ ಮುಂಚೆ, ಇಲ್ಲವೇ ಅರ್ಧ ಗಂಟೆ ತಡ

ಭಾರತದಲ್ಲಿ ಕೆಲಸ ಮಾಡುವವರಿಗೆ ಮೀಸಲಾದ ದೋಷವಿದು. ನಮ್ಮ ಗಡಿಯಾರ ಹವಾಮಾನ ವರದಿಗಳು ಬಳಸುವ ವಿಶ್ವ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಮಾಡೆಲ್ ಗಂಟೆಗೊಮ್ಮೆ ಯುಟಿಸಿಯ ಪೂರ್ಣ ಗಂಟೆಗೆ ಅಂಕಿ ಕೊಟ್ಟರೆ ನಮಗೆ ಅದು ಐದೂವರೆ, ಆರೂವರೆ, ಏಳೂವರೆ. ಮೆಟಾರ್ ಅರ್ಧ ಗಂಟೆಗೊಮ್ಮೆ. ಬೆಳಿಗ್ಗೆ ಆರರ ಮೆಟಾರ್ ಯುಟಿಸಿಯಲ್ಲಿ 0030. ಜೋಡಿಸುವ ಕೋಡ್ ನಿಮಿಷಗಳನ್ನು ಕತ್ತರಿಸಿ ಗಂಟೆ ಮಾತ್ರ ನೋಡಿದರೆ ಆರರ ವೀಕ್ಷಣೆ ಐದೂವರೆಯ ಮಾಡೆಲ್ ಜತೆ ಕೂರುತ್ತದೆ.

ಮಧ್ಯಾಹ್ನದ ಉಷ್ಣಾಂಶಕ್ಕಾದರೆ ಅರ್ಧ ಗಂಟೆ ಏನೂ ಅಲ್ಲ. ಮಂಜಿಗೆ ಅದೇ ಎಲ್ಲ. ಜನವರಿಯಲ್ಲಿ ಬೆಂಗಳೂರಿನ ಸೂರ್ಯೋದಯ ಆರೂ ಮುಕ್ಕಾಲಿನ ಆಸುಪಾಸು. ಅದಕ್ಕೆ ಮುಂಚಿನ ಒಂದು ಗಂಟೆ ಮತ್ತು ನಂತರದ ಒಂದು ಗಂಟೆಯಲ್ಲಿ ಗೋಚರತೆ 4000ದಿಂದ 200ಕ್ಕೆ ಬೀಳಬಹುದು. ಹಾಗೆ ನೋಡಿದರೆ ಸೂರ್ಯ ಹುಟ್ಟಿದ ಮೇಲೆಯೇ ಮಂಜು ದಟ್ಟವಾಗುವುದೂ ಉಂಟು: ನೆಲದ ಇಬ್ಬನಿ ಆವಿಯಾಗಿ ಮೇಲೇಳುತ್ತದೆ, ಸಣ್ಣ ಕಲಕಾಟ ಶುರುವಾಗಿ ಮೊಣಕಾಲೆತ್ತರದ ಮಂಜು ಕಣ್ಣಿನ ಎತ್ತರಕ್ಕೆ ಬರುತ್ತದೆ.

ಪತ್ತೆಗೆ ಒಂದೇ ದಾರಿ: ಮುನ್ಸೂಚನೆಯನ್ನು ಮೂವತ್ತು ಮೂವತ್ತು ನಿಮಿಷ ಹಿಂದೆ ಮುಂದೆ ಜರುಗಿಸಿ ಪ್ರತಿ ಸಲವೂ ಅಂಕ ಲೆಕ್ಕ ಹಾಕಿ. ಜರುಗಿಸದಾಗಲೇ ಅತ್ಯುತ್ತಮ ಅಂಕ ಬರಬೇಕು. ಮೂವತ್ತು ನಿಮಿಷ ಸರಿಸಿದಾಗ ಅಂಕ ಏರಿದರೆ ಕಳ್ಳ ಸಿಕ್ಕ.

ಸಮಯಕ್ಕೆ ಸಂಬಂಧಿಸಿದ ಇನ್ನೊಂದು ಮೋಸ, ಪರೀಕ್ಷೆಯಲ್ಲಿ ಪಾಸಾಗಿ ಕೆಲಸದಲ್ಲಿ ಫೇಲಾಗುವ ಬಗೆ. ನಿಮ್ಮ ಮುನ್ಸೂಚನೆ ಐದೂ ಮುಕ್ಕಾಲಿಗೆ ಹೊರಡುತ್ತದೆ ಎನ್ನಿ. ಹಳೆಯ ಕಡತಗಳಲ್ಲಿ ಆರರ ಮೆಟಾರ್ ಕೂಡ ಅಲ್ಲೇ ಇರುತ್ತದೆ, ತರಬೇತಿಯ ಕೋಡ್ ಅದನ್ನೂ ಎತ್ತಿಕೊಂಡು ಬಿಡುತ್ತದೆ. ನಿಜ ಜೀವನದಲ್ಲಿ ಐದೂ ಮುಕ್ಕಾಲಿಗೆ ಆರರ ವರದಿ ಯಾರ ಕೈಗೂ ಸಿಗುವುದಿಲ್ಲ. ಪ್ರತಿ ವರದಿಗೂ ಅದು ವೀಕ್ಷಿಸಿದ ಸಮಯ ಮಾತ್ರವಲ್ಲ, ನಿಮ್ಮ ಯಂತ್ರಕ್ಕೆ ತಲುಪಿದ ಸಮಯವನ್ನೂ ಬರೆದಿಡಿ. ಹಳೆಯ ಕಡತದಲ್ಲಿ ಅದಿಲ್ಲದಿದ್ದರೆ ಹತ್ತು ಹದಿನೈದು ನಿಮಿಷ ತಡವೆಂದೇ ಭಾವಿಸಿ ತರಬೇತಿ ಕೊಡಿ.

ಉಪಕರಣವನ್ನೂ ಒಮ್ಮೆ ಹೋಗಿ ನೋಡಿ

ಕುರ್ಚಿ ಬಿಟ್ಟು ಏಳದವರಿಗೆ ಈ ದೋಷ ಸಿಗುವುದಿಲ್ಲ. ಗೋಚರತೆ ಅಳೆಯುವ ಉಪಕರಣಗಳಲ್ಲಿ ಮುಖ್ಯವಾಗಿ ಎರಡು ಬಗೆ. ಟ್ರಾನ್ಸ್‌ಮಿಸೋಮೀಟರ್ ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆ ಎಷ್ಟು ಉಳಿಯಿತೆಂದು ಅಳೆಯುತ್ತದೆ. ಬೆಂಗಳೂರಿನ ಎನ್‌ಎಎಲ್ ಎಂಬ ವೈಮಾನಿಕ ಸಂಶೋಧನಾ ಪ್ರಯೋಗಾಲಯ ರೂಪಿಸಿದ 'ದೃಷ್ಟಿ' ಈ ಜಾತಿಯದು, ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿದೆ. ಇನ್ನೊಂದು ಬಗೆ, ಗಾಳಿಯ ಸಣ್ಣ ಭಾಗವೊಂದರಿಂದ ಚದುರಿ ಬಂದ ಬೆಳಕನ್ನು ಅಳೆಯುವ ಸ್ಕ್ಯಾಟರ್ ಮೀಟರ್. ಎರಡಕ್ಕೂ ಧೂಳು, ಜೇಡರ ಬಲೆ, ಲೆನ್ಸಿನ ಮೇಲೆ ಕೂತ ಇಬ್ಬನಿ ಶತ್ರುಗಳು.

ಉಪಕರಣ ಕೊಳೆಯಾಗಿದೆಯೇ ಎಂದು ಅಂಕಿಯಲ್ಲೇ ತಿಳಿಯಲು, ಮಳೆ ಬಂದು ತೊಳೆದ ಮಾರನೆಯ ಮಧ್ಯಾಹ್ನಗಳನ್ನು ಆರಿಸಿ. ಗಾಳಿ ಶುಭ್ರವಾಗಿರುವ ಆ ಹೊತ್ತಿನಲ್ಲೂ ಟ್ರಾನ್ಸ್‌ಮಿಸೋಮೀಟರ್ 10 ಕಿ.ಮೀ. ಮುಟ್ಟದೆ ಆರೇಳರಲ್ಲೇ ತಿಣುಕುತ್ತಿದ್ದರೆ ಅನುಮಾನಪಡಿ. ವಾರದಿಂದ ವಾರಕ್ಕೆ ಆ ಗರಿಷ್ಠ ಅಂಕಿ ಮೆಲ್ಲಗೆ ಇಳಿದು, ಒಂದು ದಿನ ಜಿಗಿದು ಮೇಲೇರಿದರೆ ಅವತ್ತು ಯಾರೋ ಗಾಜು ಒರೆಸಿದ್ದಾರೆ.

ಮೋಡದ ತಳದ ಎತ್ತರ ಅಳೆಯುವ ಸೀಲೋಮೀಟರಿನ ತಕರಾರು ಬೇರೆ. ಅದು ತನ್ನ ನೆತ್ತಿಯ ಮೇಲಿನ ಒಂದು ಗೆರೆಯನ್ನಷ್ಟೇ ನೋಡುತ್ತದೆ. ಇಡೀ ಆಕಾಶ ಎಷ್ಟು ಮುಚ್ಚಿದೆ ಎಂದು ಹೇಳಲು ಮೋಡಗಳು ತೇಲಿ ಬರಲಿ ಎಂದು ಕಾಯುತ್ತದೆ. ಅಮೆರಿಕದ ಸ್ವಯಂಚಾಲಿತ ನಿಲ್ದಾಣಗಳು ಇದಕ್ಕಾಗಿ 30 ನಿಮಿಷದ ಅಳತೆಗಳನ್ನು ಸೇರಿಸಿ, ಕೊನೆಯ 10 ನಿಮಿಷಕ್ಕೆ ಎರಡು ಪಟ್ಟು ತೂಕ ಕೊಡುತ್ತವೆ. ಗಾಳಿಯೇ ಇಲ್ಲದ ಮುಂಜಾನೆ ಮೋಡ ತೇಲಿ ಬರುವುದಾದರೂ ಹೇಗೆ? ನೆತ್ತಿಯ ಮೇಲೆ ಕಿಂಡಿ ಬಿದ್ದಿದ್ದರೆ ಸುತ್ತ ಕವಿದಿದ್ದರೂ "ಮೋಡವಿಲ್ಲ" ಎಂದೇ ವರದಿ. ಮನುಷ್ಯ ವೀಕ್ಷಕರಿರುವ ನಿಲ್ದಾಣದಲ್ಲಿ ಈ ತೊಂದರೆ ಕಡಿಮೆ.

ಗೋಚರತೆ ಮೂವತ್ತು ಪ್ರತಿಶತ ಹೆಚ್ಚು

ಈ ದೋಷವನ್ನು ಹಿಡಿದ ದಿನ ಇಡೀ ತಂಡಕ್ಕೆ ಮಸಾಲೆ ದೋಸೆ ಕೊಡಿಸಿದ್ದೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮಾಡೆಲ್ಲಿಗೆ ಗೋಚರತೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಗ್ರಾಂ ದ್ರವ ನೀರು ಹನಿಗಳಾಗಿ ತೇಲುತ್ತಿದೆ ಎಂಬುದು. ಅದರಿಂದ ಬೆಳಕು ಎಷ್ಟು ಕ್ಷೀಣಿಸುತ್ತದೆಂದು ಲೆಕ್ಕ ಹಾಕಬೇಕು. 1984ರಲ್ಲಿ ಕುಂಕೆಲ್ ಕೊಟ್ಟ, ಇಂದಿಗೂ ಬಹಳ ಕಡೆ ಬಳಸುವ ಸೂತ್ರ ಹೀಗಿದೆ: ನೀರಿನ ಪ್ರಮಾಣವನ್ನು 0.88ರ ಘಾತಕ್ಕೆ ಏರಿಸಿ 144.7ರಿಂದ ಗುಣಿಸಿದರೆ ಕಿಲೋಮೀಟರಿಗೆ ಇಷ್ಟೆಂದು ಕ್ಷೀಣತೆ ಸಿಗುತ್ತದೆ. ನೀರು 0.1 ಗ್ರಾಂ ಇದ್ದರೆ ಕ್ಷೀಣತೆ ಸುಮಾರು 19.

ಈಗ ಕ್ಷೀಣತೆಯಿಂದ ಗೋಚರತೆಗೆ. ಇಲ್ಲಿ ದಾರಿ ಕವಲೊಡೆಯುತ್ತದೆ. 1924ರ ಕೋಶ್ಮೀಡರ್ ನಿಯಮದಲ್ಲಿ, ಕಪ್ಪು ವಸ್ತು ಮತ್ತು ಹಿಂದಿನ ಆಕಾಶದ ನಡುವಿನ ವ್ಯತ್ಯಾಸ 2 ಪ್ರತಿಶತಕ್ಕೆ ಇಳಿಯುವವರೆಗೂ ಕಣ್ಣಿಗೆ ಕಾಣುತ್ತದೆ ಎಂದು ಲೆಕ್ಕ; ಆಗ 3.912ನ್ನು ಕ್ಷೀಣತೆಯಿಂದ ಭಾಗಿಸಬೇಕು. ವಿಮಾನ ನಿಲ್ದಾಣದ ಉಪಕರಣಗಳು ಅನುಸರಿಸುವ ವ್ಯಾಖ್ಯೆಯಲ್ಲಿ ಅದು 5 ಪ್ರತಿಶತ. ಆಗ ಭಾಗಿಸಬೇಕಾದದ್ದು ಸರಿಸುಮಾರು 3ನ್ನು. ನಮ್ಮ 0.1 ಗ್ರಾಂ ಮಂಜಿಗೆ ಮೊದಲನೆಯದು 205 ಮೀಟರ್ ಎನ್ನುತ್ತದೆ, ಎರಡನೆಯದು 157. ಎರಡೂ ತಪ್ಪಲ್ಲ. ಒಂದರಲ್ಲಿ ಮುನ್ಸೂಚಿಸಿ ಇನ್ನೊಂದರಲ್ಲಿ ಅಳೆದದ್ದು ತಪ್ಪು.

ದಟ್ಟ ಮಂಜಿನಲ್ಲಿ ಈ ವ್ಯತ್ಯಾಸ ಅಷ್ಟೇನೂ ಕಾಡುವುದಿಲ್ಲ, ಗಡಿಯಲ್ಲಿ ಕಾಡುತ್ತದೆ. ಗೋಚರತೆ 1000 ಮೀಟರಿಗಿಂತ ಕೆಳಗಿಳಿದರೆ ಮಂಜು, ಅದರ ಮೇಲೆ 5000ದವರೆಗೆ ತೆಳುಮಂಜು. ನಮ್ಮ ಪರದೆ 1150 ಎಂದು ತೋರಿಸಿದ ಮುಂಜಾವು ಉಪಕರಣದ ಲೆಕ್ಕದಲ್ಲಿ 880. ನಾವು ಮಂಜಿಲ್ಲ ಎಂದೆವು, ಅದು ಮಂಜು ಎಂದಿತು. ಅಂಥ ಮುಂಜಾವುಗಳೆಲ್ಲ ನಮ್ಮ ಲೆಕ್ಕಕ್ಕೆ 'ತಪ್ಪಿಹೋದ ಮಂಜು' ಎಂದು ಸೇರುತ್ತಾ ಹೋದವು.

ಹನಿಗಳ ಎಣಿಕೆಯೂ ಮುಖ್ಯ. ಅಷ್ಟೇ ನೀರು ಹೆಚ್ಚು ಹನಿಗಳಾಗಿ ಹಂಚಿಹೋದರೆ ಮಂಜು ಇನ್ನಷ್ಟು ಬೆಳ್ಳಗೆ, ಇನ್ನಷ್ಟು ಕುರುಡು. ಕುಂಕೆಲ್ ಸೂತ್ರಕ್ಕೆ ಹನಿಗಳ ಸಂಖ್ಯೆ ಬೇಕಿಲ್ಲ. 2006ರಲ್ಲಿ ಗುಲ್ಟೆಪೆ ಮತ್ತು ಸಂಗಡಿಗರು ಪ್ರಕಟಿಸಿದ ಸೂತ್ರದಲ್ಲಿ ಅದು ಬರುತ್ತದೆ. ಅದೇ 0.1 ಗ್ರಾಂ ನೀರಿಗೆ ಘನ ಸೆಂಟಿಮೀಟರಿಗೆ 50 ಹನಿಗಳಿದ್ದರೆ ಗೋಚರತೆ ಸುಮಾರು 350 ಮೀಟರ್, 200 ಹನಿಗಳಿದ್ದರೆ ಸುಮಾರು 145. ಹೊಗೆ ಧೂಳು ಹೆಚ್ಚಿರುವ ದೆಹಲಿಯ ಮಂಜಿಗೂ ದೇವನಹಳ್ಳಿಯ ಮಂಜಿಗೂ ಒಂದೇ ಹನಿ ಎಣಿಕೆ ಹಾಕಿದರೆ ಎರಡರಲ್ಲಿ ಒಂದು ಕಡೆ ತಪ್ಪುವುದು ಖಚಿತ. ದೆಹಲಿಯಲ್ಲಾದರೆ 2015ರ ಚಳಿಗಾಲದಿಂದ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಇಂದಿರಾ ಗಾಂಧಿ ವಿಮಾನ ನಿಲ್ದಾಣದಲ್ಲಿ ನಡೆಸಿದ 'ವೈಫೆಕ್ಸ್' ಮಂಜು ಪ್ರಯೋಗದ ಅಳತೆಗಳಿವೆ. ಉತ್ತರದ ಅಂಕಿಯನ್ನು ದಕ್ಷಿಣಕ್ಕೆ ಹಾಗೇ ಎತ್ತಿ ತರಬೇಡಿ.

ಗೋಚರತೆ ಬೇರೆ, ರನ್‌ವೇ ದೃಷ್ಟಿ ವ್ಯಾಪ್ತಿ ಅಂದರೆ ಆರ್‌ವಿಆರ್ ಬೇರೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ರನ್‌ವೇ ದೀಪಗಳ ಪ್ರಖರತೆ ಸೇರಿಸಿ ಲೆಕ್ಕ ಹಾಕುವ ಆರ್‌ವಿಆರ್, ಕತ್ತಲಲ್ಲಿ ಸಾಮಾನ್ಯ ಗೋಚರತೆಗಿಂತ ಬಹಳ ಹೆಚ್ಚು ಬರಬಹುದು. ಉಪಕರಣಗಳ ನೆರವಿನಿಂದ ಇಳಿಯುವ ದರ್ಜೆಗಳಲ್ಲಿ ಮೊದಲನೆಯದಾದ ಕ್ಯಾಟ್ ಒಂದರ ಇಳಿತಕ್ಕೆ ಬೇಕಾದ 550 ಮೀಟರ್ ಆರ್‌ವಿಆರ್‌ನದು. ನಿಮ್ಮ ಮುನ್ಸೂಚನೆ ಗೋಚರತೆಯದು, ಕೇಳುವವರು ಆರ್‌ವಿಆರ್ ಎಂದುಕೊಂಡಿದ್ದಾರೆ ಎಂದಾದರೆ ದೋಷ ಕೋಡ್‌ನಲ್ಲಿಲ್ಲ, ಪರದೆಯ ಮೇಲಿನ ಹೆಸರಿನಲ್ಲಿದೆ.

ಬೆರಕೆ ಹುಳಿಯಾದಾಗ

ವೀಕ್ಷಣೆಯನ್ನೂ ಮಾಡೆಲ್ಲನ್ನೂ ಬೆರೆಸುವುದರಲ್ಲಿ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ 'ಲ್ಯಾಂಪ್' ಹೆಸರಾಂತ ಮಾದರಿ. ಕೊನೆಯ ವೀಕ್ಷಣೆ, ಸರಳ ಚಲನೆಯ ಲೆಕ್ಕಗಳು, ದೊಡ್ಡ ಮಾಡೆಲ್ಲಿನಿಂದ ಬಂದ ಅಂಕಿ ಅಂಶದ ಮುನ್ಸೂಚನೆ ಇವಿಷ್ಟನ್ನು ಸೇರಿಸಿ ಗಂಟೆಗೊಮ್ಮೆ ಹೊಸದು ಮಾಡುತ್ತದೆ. ಆಮೇಲಿನ ಆವೃತ್ತಿಯಲ್ಲಿ ಮೋಡದ ತಳ ಮತ್ತು ಗೋಚರತೆಗೆ 3 ಕಿ.ಮೀ.ಯ ಎಚ್‌ಆರ್‌ಆರ್‌ಆರ್ ಮಾಡೆಲ್ಲನ್ನೂ ಕಲಸಿದರು. ನಾವು ಮಾಡಲು ಹೊರಟಿದ್ದೂ ಅದೇ ಬಗೆಯದು.

ನಮ್ಮ ಮೊದಲ ತಪ್ಪು, ಅಡಿಗಳನ್ನು ಬೆರೆಸಿದ್ದು. ವೀಕ್ಷಣೆಯ ಸಮೀಕರಣ 400 ಅಡಿ ಎನ್ನುತ್ತದೆ, ಮಾಡೆಲ್ 4000 ಎನ್ನುತ್ತದೆ, ಅರ್ಧರ್ಧ ಹಾಕಿದರೆ 2200. ಇಬ್ಬರೂ ಹೇಳದ ಮೂರನೆಯ ಹವಾಮಾನವೊಂದು ಹುಟ್ಟಿತು. ಬೆರೆಸಬೇಕಾದದ್ದು ಸಂಭವನೀಯತೆಗಳನ್ನು: 500 ಅಡಿಗಿಂತ ಕೆಳಗೆ ಎಂಬುದಕ್ಕೆ ವೀಕ್ಷಣೆಯ ಸಮೀಕರಣದ್ದು 60 ಪ್ರತಿಶತ, ಮಾಡೆಲ್ಲಿನದು 10, ಮೊದಲ ಗಂಟೆಗಳಲ್ಲಿ ಏಳಕ್ಕೆ ಮೂರರಂತೆ ತೂಕ ಹಾಕಿದರೆ 45.

ಎರಡನೆಯ ತಪ್ಪು ಆ 45ರಲ್ಲೇ ಅಡಗಿತ್ತು. 50 ದಾಟಿದರೆ ಮಾತ್ರ "ಹೌದು" ಎನ್ನುವ ನಿಯಮ ಇಟ್ಟಿದ್ದೆವು. ಅಪರೂಪದ ಘಟನೆಗೆ ಸಂಭವನೀಯತೆ 50 ದಾಟುವುದೇ ಅಪರೂಪ, ಆದ್ದರಿಂದ ವ್ಯವಸ್ಥೆ ಮಂಜೆಂಬ ಶಬ್ದವನ್ನೇ ಮರೆಯಿತು. ಗಡಿಯನ್ನು ಅಂಕಿಗಳೇ ಹೇಳಲಿ: ಎಷ್ಟು ಸಲ ಮಂಜು ಬಂತೋ ಸರಿಸುಮಾರು ಅಷ್ಟೇ ಸಲ ನೀವು ಮಂಜೆನ್ನುವಂತೆ ಗಡಿಯನ್ನು ಪ್ರತಿ ನಿಲ್ದಾಣಕ್ಕೂ, ಪ್ರತಿ ಗಂಟೆಗೂ ಬೇರೆ ಬೇರೆ ಇಡಿ. ನಮ್ಮಲ್ಲಿ ಅದು ಮೂವತ್ತರ ಆಸುಪಾಸಿಗೆ ಇಳಿಯಿತು.

ಗೋಚರತೆಗೊಂದು, ಮೋಡದ ತಳಕ್ಕೊಂದು ಸಮೀಕರಣ ಬೇರೆ ಬೇರೆ ಓಡುವಾಗ ಅವೆರಡೂ ಒಂದಕ್ಕೊಂದು ಮುಖ ಕೊಡದೆ ಮಾತಾಡುವುದೂ ಉಂಟು. ಗೋಚರತೆ 150 ಮೀಟರ್, ಸೀಲಿಂಗ್ 5000 ಅಡಿ! ಅಷ್ಟು ದಟ್ಟ ಮಂಜಿನಲ್ಲಿ ನಿಂತವನಿಗೆ ಆಕಾಶವೇ ಕಾಣುವುದಿಲ್ಲ. ಕೊನೆಯ ಹಂತದಲ್ಲಿ ಇಂಥ ಜೋಡಿಗಳನ್ನು ಹಿಡಿಯುವ ಜರಡಿಯೊಂದು ಬೇಕು. ಆದರೆ ಜರಡಿ ಎಷ್ಟು ಸಲ ಹಿಡಿಯಿತು ಎಂಬುದನ್ನೂ ಬರೆದಿಡಿ. ಆ ಸಂಖ್ಯೆ ಏರುತ್ತಿದ್ದರೆ ಮೇಲಿನ ಯಾವುದೋ ದೋಷ ಮರಳಿ ಬಂದಿದೆ.

ತೊಂಬತ್ತೆರಡು ಪ್ರತಿಶತ ಸರಿ ಎಂಬ ಸುಳ್ಳು

ಚಳಿಗಾಲದ 120 ಮುಂಜಾವುಗಳಲ್ಲಿ 10 ಸಲ ಮಂಜು ಬಂತು ಎಂದಿಟ್ಟುಕೊಳ್ಳಿ. ಏನೂ ಲೆಕ್ಕ ಹಾಕದೆ ದಿನವೂ "ಮಂಜಿಲ್ಲ" ಎಂದವನು 110 ದಿನ ಸರಿ, ಅಂದರೆ 92 ಪ್ರತಿಶತ. ಈ ಬಲೆಗೆ ಬಿದ್ದವರಲ್ಲಿ ನಾವು ಮೊದಲಿಗರಲ್ಲ. 1884ರಲ್ಲಿ ಅಮೆರಿಕದ ಫಿನ್ಲಿ ಎಂಬಾತ ಸುಂಟರಗಾಳಿಯ 2803 ಮುನ್ಸೂಚನೆ ಕೊಟ್ಟು 96.6 ಪ್ರತಿಶತ ಸರಿ ಎಂದು ಹೇಳಿಕೊಂಡ. ಎಲ್ಲ ಸಲವೂ "ಸುಂಟರಗಾಳಿ ಇಲ್ಲ" ಎಂದಿದ್ದರೆ 98.2 ಬರುತ್ತಿತ್ತು ಎಂದು ಟೀಕಾಕಾರರು ತೋರಿಸಿಕೊಟ್ಟರು.

ನೋಡಬೇಕಾದದ್ದು ಎರಡು. ಬಂದ ಮಂಜುಗಳಲ್ಲಿ ಎಷ್ಟನ್ನು ಹೇಳಿದೆವು? ಹೇಳಿದ ಮಂಜುಗಳಲ್ಲಿ ಎಷ್ಟು ಬರಲಿಲ್ಲ? ಇವನ್ನು ಗಂಟೆವಾರು, ತಿಂಗಳುವಾರು ಬಿಡಿಸಿ ನೋಡಿ. ಮಧ್ಯಾಹ್ನದ ಗಂಟೆಗಳನ್ನು ಸೇರಿಸಿ ಅಂಕ ಉಬ್ಬಿಸಬೇಡಿ. ಗಡಿಯ ಮೇಲಿನ ಅಂಕಿಗಳ ವಿಷಯದಲ್ಲೂ ಜಾಗ್ರತೆ. ಮೆಟಾರ್ ಗೋಚರತೆಯನ್ನು 800 ಮೀಟರಿನವರೆಗೆ 50ರ ಮೆಟ್ಟಿಲಲ್ಲಿ, ಅಲ್ಲಿಂದ 5000ದವರೆಗೆ 100ರ ಮೆಟ್ಟಿಲಲ್ಲಿ, ಯಾವಾಗಲೂ ಕೆಳಕ್ಕೆ ಇಳಿಸಿ ಹೇಳುತ್ತದೆ. ಅದರ 800 ಎಂದರೆ 899 ಕೂಡ ಇರಬಹುದು. ನಿಮ್ಮ 880 ಅದರ ಪಕ್ಕದಲ್ಲಿ ಕೂತು 'ತಪ್ಪು' ಅನ್ನಿಸಿಕೊಳ್ಳುತ್ತದೆ. ಹೋಲಿಸುವ ಮುನ್ನ ನಿಮ್ಮದನ್ನೂ ಅದೇ ಮೆಟ್ಟಿಲಿಗೆ ಇಳಿಸಿ.

ಇಷ್ಟೆಲ್ಲ ಆದ ಮೇಲೆ ಮಾಡೆಲ್

ಈಗ ಬೇಕಾದರೆ ಮಾಡೆಲ್ಲನ್ನು ಬೈಯಬಹುದು. ಬೈಯುವ ಮುನ್ನ ಆ ದಿನವನ್ನು ಕೈಯಲ್ಲೇ ಒಮ್ಮೆ ಲೆಕ್ಕ ಹಾಕಿ. ಹಿಂದಿನ ಮಧ್ಯಾಹ್ನ ಅತಿ ಬಿಸಿಯ ಹೊತ್ತಿನಲ್ಲಿ ಇಬ್ಬನಿ ಬಿಂದು, ಅಂದರೆ ಗಾಳಿಯ ಆವಿ ಹನಿಗಟ್ಟಲು ಶುರುವಾಗುವ ಉಷ್ಣಾಂಶ, ಎಷ್ಟಕ್ಕೆ ಇಳಿದಿತ್ತು ನೋಡಿ. ರಾತ್ರಿಯ ಉಷ್ಣಾಂಶ ಅದಕ್ಕಿಂತ ಒಂದೂವರೆ ಎರಡು ಡಿಗ್ರಿ ಕೆಳಗೆ ಹೋಗುವಂತಿದ್ದರೆ, ಗಾಳಿ ತೀರಾ ಮೆಲ್ಲಗಿದ್ದರೆ, ಆಕಾಶ ತೆರೆದಿದ್ದರೆ ಮಂಜನ್ನು ನಿರೀಕ್ಷಿಸಬಹುದು. ಅಮೆರಿಕದ ಯುಪಿಎಸ್ ವಿಮಾನ ಸಂಸ್ಥೆಯ ಹವಾಮಾನ ತಜ್ಞರು ರೂಢಿಗೆ ತಂದ ಈ 'ಕ್ರಾಸ್‌ಓವರ್' ಲೆಕ್ಕಕ್ಕೆ ಕಾಗದ ಪೆನ್ಸಿಲ್ ಸಾಕು. ಕೈಲೆಕ್ಕ ಮಂಜೆಂದು ಮಾಡೆಲ್ ಅಲ್ಲವೆಂದರೆ, ಮಾಡೆಲ್ ಎಲ್ಲಿ ಬೇರೆಯಾಯಿತೆಂದು ಹುಡುಕಲು ಒಂದು ತುದಿ ಸಿಗುತ್ತದೆ.

ನಮ್ಮಲ್ಲಿ ಆ ತುದಿ ಹೆಚ್ಚು ಸಲ ಸಿಕ್ಕಿದ್ದು ಮಣ್ಣಿನಲ್ಲಿ. ನವೆಂಬರ್ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಬೆಂಗಳೂರಿಗೆ ಎರಡು ದಿನ ಜಿಟಿಜಿಟಿ ಮಳೆ ಸುರಿಸಿ ಹೋಗುತ್ತದೆ. ಮೂರನೆಯ ರಾತ್ರಿ ಆಕಾಶ ತೆರೆದರೆ, ಒದ್ದೆ ನೆಲದ ಮೇಲೆ ಮಂಜು ಕಾಯುತ್ತಿರುತ್ತದೆ. ಮಾಡೆಲ್ಲಿಗೆ ಕೊಟ್ಟ ಮಣ್ಣಿನ ತೇವ ಆ ಮಳೆಯನ್ನು ಕಂಡೇ ಇಲ್ಲವಾದರೆ ಅದರ ನೆಲ ಒಣಗಿರುತ್ತದೆ, ಇಬ್ಬನಿ ಬಿಂದು ಎರಡು ಡಿಗ್ರಿ ಕಡಿಮೆ, ಮಂಜಿಗೆ ದಾರಿಯೇ ಇಲ್ಲ. ಮಳೆ ನಿಂತ ಮಾರನೆಯ ದಿನ ಮಾಡೆಲ್ಲಿನ ಮಧ್ಯಾಹ್ನದ ಇಬ್ಬನಿ ಬಿಂದುವನ್ನು ಮೆಟಾರ್ ಜತೆ ಹೋಲಿಸಿದರೆ ಹದಿನಾಲ್ಕು ಗಂಟೆ ಮುಂಚೆಯೇ ಈ ದೋಷ ಕಾಣುತ್ತದೆ.

ಇನ್ನೊಂದು, ಮಾಡೆಲ್ಲಿನ ಪದರಗಳು. ಅತಿ ಕೆಳಗಿನ ಪದರವೇ ಹಲವು ಹತ್ತು ಮೀಟರ್ ದಪ್ಪವಿದ್ದರೆ ಆಳೆತ್ತರದ ಮಂಜು ಅದರ ಕಣ್ಣಿಗೆ ಬೀಳುವುದಿಲ್ಲ. ಗಾಳಿ ತುಸು ಹೆಚ್ಚಾಗಿ ಹಾಕಿಬಿಟ್ಟರೆ ಮಂಜಿನ ಬದಲು ನೂರು ಮೀಟರ್ ಮೇಲೆ ಸ್ಟ್ರೇಟಸ್ ಮೋಡ ಹುಟ್ಟಿಸುತ್ತದೆ. ಆಗ ಗೋಚರತೆಯ ಮುನ್ಸೂಚನೆ ತಪ್ಪಿರುತ್ತದೆ, ಸೀಲಿಂಗಿನದು ಸರಿಯಾಗಿರುತ್ತದೆ. ಪೂರ್ತಿ ವಿಫಲ ಎಂದು ಬರೆದುಕೊಳ್ಳಬೇಡಿ. ಎಂಟರ ಹೊತ್ತಿಗೆ ನಿಜವಾದ ಮಂಜೂ ಮೇಲೆದ್ದು ಅದೇ ಸ್ಟ್ರೇಟಸ್ ಆಗುತ್ತದೆ. ಗೋಚರತೆ 2000ಕ್ಕೆ ಸುಧಾರಿಸಿದರೂ ಸೀಲಿಂಗ್ 300 ಅಡಿಯಲ್ಲೇ ಇನ್ನೊಂದು ಗಂಟೆ ನಿಲ್ಲುವುದುಂಟು. "ಮಂಜು ಹೋಯಿತು" ಎಂದು ಗೋಚರತೆಯೊಂದನ್ನೇ ನೋಡಿ ಹೇಳಿದ ಮುಂಜಾವುಗಳಲ್ಲಿ ನಮಗೆ ಹೆಚ್ಚು ಬೈಗುಳ ಬಂದದ್ದು ಆ ಒಂದು ಗಂಟೆಗೆ.

ಕೆಂಪೇಗೌಡ ನಿಲ್ದಾಣದ ದಕ್ಷಿಣ ರನ್‌ವೇಯಲ್ಲಿ ಈಗ ಕ್ಯಾಟ್ ಮೂರು-ಬಿ ಸೌಲಭ್ಯವಿದೆ. ಸಜ್ಜಾದ ವಿಮಾನ, ತರಬೇತಾದ ಪೈಲಟ್ ಇದ್ದರೆ 50 ಮೀಟರ್ ಆರ್‌ವಿಆರ್‌ನಲ್ಲೂ ಇಳಿಯಬಹುದು. ಹೊರಡಲು ಮಾತ್ರ 125 ಬೇಕು. ಹೀಗಾಗಿ 550ರ ಗಡಿಯೊಂದಕ್ಕೇ ಹೊಂದಿಸಿದ್ದ ನಮ್ಮ ಹಳೆಯ ವರ್ಗಗಳು ಅಲ್ಲಿ ಅರ್ಧ ಕೆಲಸಕ್ಕಷ್ಟೇ ಬರುತ್ತವೆ. 150, 350ರ ಗಡಿಗಳನ್ನೂ ಸೇರಿಸಿದ್ದೇವೆ. ಅಷ್ಟು ಕೆಳಗಿನ ಗೋಚರತೆಗೆ ತರಬೇತಿ ಕೊಡಲು ನಮ್ಮ ಕಡತದಲ್ಲಿರುವ ಮುಂಜಾವುಗಳು ತೀರಾ ಕಡಿಮೆ, ಆದ್ದರಿಂದ ಸದ್ಯಕ್ಕೆ ಆ ಎರಡು ಸಾಲುಗಳ ಪಕ್ಕದಲ್ಲಿ ಪರದೆಯ ಮೇಲೆ 'ಪರೀಕ್ಷಾರ್ಥ' ಎಂದು ಕೆಂಪಕ್ಷರದಲ್ಲಿ ಬರುತ್ತದೆ. ಹಳೆಯ ವ್ಯವಸ್ಥೆಯೂ ಯಥಾಸ್ಥಿತಿಯೂ ಪಕ್ಕದಲ್ಲಿ ಇನ್ನೂ ಓಡುತ್ತಿವೆ.